ಭುಜ ಹಿಡಿದಿದೆಯಾ? ಎಳೆಯುವ ಮೊದಲು ತಿಂಗಳು ಎಣಿಸಿ

ಪ್ರಶ್ನೆ: ನನಗೆ 52 ವರ್ಷ. ಪಾಂಡವಪುರ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಎರಡು ಹಸು ಇವೆ. ಹಾಲು ಕರೆದು ಡೇರಿಗೆ ಹಾಕುವುದು ನನ್ನ ಕೆಲಸ. ಐದು ತಿಂಗಳಿಂದ ಎಡಭುಜ ನೋಯುತ್ತಿದೆ. ಬಿದ್ದಿಲ್ಲ, ಪೆಟ್ಟಾಗಿಲ್ಲ. ಮೊದಮೊದಲು ಹುಲ್ಲಿನ ಹೊರೆ ತಲೆಗೆ ಎತ್ತುವಾಗ ಚುಳ್ ಅನ್ನುತ್ತಿತ್ತು. ಈಗ ಜಡೆ ಹಾಕಿಕೊಳ್ಳಲು ಆಗುವುದಿಲ್ಲ. ರವಿಕೆ ತೋಳಿಗೆ ಕೈ ತೂರಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಆ ಮಗ್ಗುಲಿಗೆ ಮಲಗುವ ಹಾಗೇ ಇಲ್ಲ, ರಾತ್ರಿ ಎರಡು ಮೂರು ಸಲ ಎದ್ದು ಕೂರುತ್ತೇನೆ. ಉಳುಕು ತೆಗೆಯುವವರ ಹತ್ತಿರ ಹೋಗಿದ್ದೆ. ಎಣ್ಣೆ ಹಚ್ಚಿ ಕೈಯನ್ನು ಮೇಲಕ್ಕೆ ಎಳೆದರು. ಅವತ್ತಿಂದ ನೋವು ಎರಡರಷ್ಟಾಗಿದೆ. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದು ಎಲ್ಲ ಸರಿಯಿದೆ ಅಂದರು. ಸರಿಯಿದ್ದರೆ ನೋವು ಯಾಕೆ? ಇದು ಫ್ರೋಜನ್ ಶೋಲ್ಡರ್, ಭುಜಕ್ಕೆ ಇಂಜೆಕ್ಷನ್ ಹಾಕಿಸಿ ಅಂದರು. ಏಳು ವರ್ಷದಿಂದ ಶುಗರ್ ಇದೆ. ಇಂಜೆಕ್ಷನ್ನಿಗೆ ಶುಗರ್ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ ಅಂತ ಸಂಘದವರು ಹೆದರಿಸಿದ್ದಾರೆ. ಎಡಗೈ ಆದ್ದರಿಂದ ಹಾರ್ಟ್ ತೊಂದರೆಯಾ ಅಂತ ಯಜಮಾನರಿಗೆ ಭಯ. ತಾನಾಗೇ ಹೋಗುತ್ತದೆ, ಸುಮ್ಮನಿರು ಅನ್ನುವವರೂ ಇದ್ದಾರೆ. ಏನು ಮಾಡಲಿ? ಇನ್ನೊಂದು ಭುಜಕ್ಕೂ ಬರುತ್ತದಾ? ಹಸು ಮಾರಿಬಿಡಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹಸು ಮಾರಬೇಡಿ. ಈ ಕಾಯಿಲೆ ಕೈಯನ್ನು ತಿಂಗಳುಗಟ್ಟಲೆ ಕಟ್ಟಿಹಾಕುತ್ತದೆ ನಿಜ, ಆದರೆ ಕೈಯನ್ನು ಕಿತ್ತುಕೊಳ್ಳುವುದಿಲ್ಲ. ಸ್ವಲ್ಪ ಕಾಲ ಹುಲ್ಲಿನ ಹೊರೆಯನ್ನು ಮನೆಯಲ್ಲಿ ಬೇರೆ ಯಾರಾದರೂ ಹೊರಲಿ. ಹಾಲು ಕರೆಯುವುದು ಮೊಣಕೈಯನ್ನು ಪಕ್ಕೆಯ ಹತ್ತಿರ ಇಟ್ಟುಕೊಂಡು ಮಾಡುವ ಕೆಲಸ. ಅದರಿಂದ ನಿಮ್ಮ ಭುಜಕ್ಕೆ ಅಷ್ಟೇನೂ ಕೇಡಿಲ್ಲ.

ಇನ್ನು ಯಜಮಾನರ ಭಯ. ಅದನ್ನು ನಕ್ಕು ತಳ್ಳಿಹಾಕುವ ಹಾಗಿಲ್ಲ. ಶುಗರ್ ಇರುವವರಿಗೆ ಹೃದಯದ ನೋವು ಒಮ್ಮೊಮ್ಮೆ ಎದೆ ಬಿಟ್ಟು ಭುಜ, ದವಡೆ, ಬೆನ್ನಲ್ಲಿ ಕಾಣಿಸಿಕೊಳ್ಳುತ್ತದೆ. ಆದರೆ ಅದರ ನಡವಳಿಕೆಯೇ ಬೇರೆ. ಜೋರಾಗಿ ನಡೆದಾಗ, ದಿಬ್ಬ ಹತ್ತಿದಾಗ ಬರುತ್ತದೆ, ನಿಂತರೆ ಇಳಿಯುತ್ತದೆ. ಜೊತೆಗೆ ಬೆವರು, ಏದುಸಿರು, ಎದೆ ಹಿಂಡಿದ ಹಾಗೆ ಆಗುವುದು ಇರಬಹುದು. ಕೈಯನ್ನು ಆ ಕಡೆ ಈ ಕಡೆ ತಿರುಗಿಸಿದರೆ ಅದು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ನಿಮ್ಮದು ಐದು ತಿಂಗಳಿಂದ ಕೈ ಆಡಿಸಿದಾಗಲೇ ಬರುವ ನೋವು. ರವಿಕೆ ತೊಡುವಾಗ ನೋಯುವ ಹೃದಯವನ್ನು ನಾನಂತೂ ಕಂಡಿಲ್ಲ. ಆದರೂ ಏಳು ವರ್ಷದ ಶುಗರ್ ಇದೆಯಲ್ಲ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಒಂದು ಇಸಿಜಿ ತೆಗೆಸಿಬಿಡಿ. ಯಜಮಾನರು ನೆಮ್ಮದಿಯಾಗಿ ನಿದ್ದೆ ಮಾಡಲಿ. ಇದ್ದಕ್ಕಿದ್ದ ಹಾಗೆ ಬೆವರು ಕಿತ್ತುಕೊಂಡು ಉಸಿರು ಕಟ್ಟಿದರೆ ಮಾತ್ರ ಭುಜದ್ದೇ ನೋವು ಅಂತ ಕೂರಬೇಡಿ, ಆ ಕ್ಷಣವೇ ಹೊರಡಿ.

ಈಗ ಎಕ್ಸ್‌ರೇ ವಿಷಯ. ‘ಎಲ್ಲ ಸರಿಯಿದ್ದರೆ ನೋವು ಯಾಕೆ’ ಅಂತ ಕೇಳಿದ್ದೀರಿ. ನನ್ನ ಮುಂದೆ ಕೂತವರಲ್ಲಿ ಸುಮಾರು ಜನ ಇದನ್ನೇ ಕೇಳುತ್ತಾರೆ, ಕೆಲವರು ಸಿಟ್ಟಿನಲ್ಲೇ ಕೇಳುತ್ತಾರೆ. ಎಕ್ಸ್‌ರೇ ತೋರಿಸುವುದು ಮೂಳೆಯನ್ನು. ನಿಮ್ಮ ತೊಂದರೆ ಇರುವುದು ಮೂಳೆಯಲ್ಲಲ್ಲ, ಭುಜದ ಕೀಲನ್ನು ಸುತ್ತುವರಿದ ತೆಳ್ಳನೆಯ ಚೀಲದಲ್ಲಿ. ಆ ಚೀಲ ಎಕ್ಸ್‌ರೇಯಲ್ಲಿ ಕಾಣುವುದೇ ಇಲ್ಲ. ಹಾಗಾದರೆ ಎಕ್ಸ್‌ರೇ ದಂಡವೇ? ಅಲ್ಲ. ಕೀಲು ಸವೆದಿದೆಯಾ, ಕೀಲು ಜಾರಿದೆಯಾ, ಸುಣ್ಣ ಕಟ್ಟಿದೆಯಾ, ಮೂಳೆಯಲ್ಲಿ ಗೆಡ್ಡೆ ಇದೆಯಾ ಅಂತ ನೋಡಿ ‘ಇದ್ಯಾವುದೂ ಅಲ್ಲ’ ಎಂದು ಬದಿಗಿಡಲು ಅದು ಬೇಕು. ನಿಮ್ಮ ನಾರ್ಮಲ್ ಎಕ್ಸ್‌ರೇ ಒಳ್ಳೆಯ ಸುದ್ದಿ.

ಆ ಚೀಲವನ್ನು ಅರ್ಥ ಮಾಡಿಕೊಳ್ಳಲು ನಿಮ್ಮ ರವಿಕೆಯನ್ನೇ ನೋಡಿ. ಕಂಕುಳಲ್ಲಿ ದರ್ಜಿ ಸ್ವಲ್ಪ ಸಡಿಲ ಬಟ್ಟೆ ಬಿಟ್ಟಿರುತ್ತಾರೆ. ಕೈ ಎತ್ತಿದಾಗ ಆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಇಳಿಸಿದಾಗ ಮಡಚಿಕೊಳ್ಳುತ್ತದೆ. ಕಂಕುಳು ಬಿಗಿಯಾದ ರವಿಕೆ ಹಾಕಿಕೊಂಡು ಕೈ ಎತ್ತಲು ಹೋದರೆ ಏನಾಗುತ್ತದೆ? ಕೈ ಅರ್ಧಕ್ಕೆ ನಿಲ್ಲುತ್ತದೆ, ಇಡೀ ರವಿಕೆಯೇ ಮೇಲೆ ಬರುತ್ತದೆ. ಭುಜದ ಚೀಲಕ್ಕೂ ಕೆಳಗೆ ಕಂಕುಳ ಕಡೆ ಇಂಥದೇ ಒಂದು ಸಡಿಲ ಮಡಿಕೆ ಇದೆ. ಈ ಕಾಯಿಲೆಯಲ್ಲಿ ಮೊದಲು ಚೀಲಕ್ಕೆ ಉರಿಯೂತ ಬರುತ್ತದೆ, ಕೆಂಪಗೆ ಊದಿಕೊಳ್ಳುತ್ತದೆ. ಆಮೇಲೆ ಅಲ್ಲಿ ನಾರು ಬೆಳೆದು, ದಪ್ಪಗಾಗಿ, ಕುಗ್ಗುತ್ತದೆ. ಮಡಿಕೆ ಮಾಯವಾಗುತ್ತದೆ. ಕೈ ಎತ್ತಿದರೆ ಹೆಗಲಿನ ಹಲಗೆ ಮೂಳೆಯೇ ಅದರ ಜೊತೆ ಏಳುತ್ತದೆ, ಬಿಗಿ ರವಿಕೆಯ ಹಾಗೆ.

ನಿಮ್ಮದು ಇದೇನಾ ಅಂತ ಮನೆಯಲ್ಲೇ ಅಂದಾಜು ಮಾಡಬಹುದು. ಸ್ಟೂಲಿನ ಮೇಲೆ ನೆಟ್ಟಗೆ ಕೂರಿ. ಎರಡೂ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಹಿಡಿದು, ಮುಂಗೈಗಳನ್ನು ನೇರ ಮುಂದಕ್ಕೆ ಚಾಚಿ. ಈಗ ಜೋಡಿ ಬಾಗಿಲು ತೆರೆದ ಹಾಗೆ ಎರಡೂ ಮುಂಗೈಗಳನ್ನು ಹೊರಕ್ಕೆ ತೆರೆಯಿರಿ. ಬಲಗೈ ಸಲೀಸಾಗಿ ಹೋಗುತ್ತದೆ. ಎಡಗೈ ಸ್ವಲ್ಪ ಹೋಗಿ, ಬಾಗಿಲಿಗೆ ಕಲ್ಲು ಅಡ್ಡ ಇಟ್ಟ ಹಾಗೆ ನಿಂತುಬಿಡುತ್ತದೆ. ಮನೆಯವರು ನಿಧಾನಕ್ಕೆ ತಳ್ಳಿದರೂ ಅದೇ ಜಾಗದಲ್ಲಿ ನಿಲ್ಲುತ್ತದೆ. ಇದೇ ಈ ಕಾಯಿಲೆಯ ಸಹಿ. ಭುಜದ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು, ಹರಿದಿದ್ದರೆ ಕಥೆ ಬೇರೆ. ಅಂಥವರ ಕೈಯನ್ನು ನಾನು ಎತ್ತಿದರೆ ಏಳುತ್ತದೆ, ಅವರು ಎತ್ತಿದರೆ ಏಳುವುದಿಲ್ಲ. ನಿಮ್ಮದು ಯಾರು ಎತ್ತಿದರೂ ಏಳದ ಕೈ. ನೋವು ಮೊಣಕೈ ದಾಟಿ ಬೆರಳವರೆಗೂ ಇಳಿದು ಜುಮು ಜುಮು ಅನ್ನುತ್ತಿದ್ದರೆ ಭುಜ ಬಿಟ್ಟು ಕತ್ತಿನ ಕಡೆ ನೋಡಬೇಕಾಗುತ್ತದೆ. ಇಷ್ಟು ಸ್ಪಷ್ಟವಾಗಿದ್ದಾಗ ಎಂಆರ್‌ಐ ಬೇಕಾಗುವುದು ಅಪರೂಪ. ಐವತ್ತು ದಾಟಿದವರ ಎಂಆರ್‌ಐಯಲ್ಲಿ ನೋವಿಗೆ ಸಂಬಂಧವೇ ಇಲ್ಲದ ರಜ್ಜು ಸಣ್ಣಪುಟ್ಟದಾಗಿ ಹರಿದ ಗುರುತುಗಳು ಕಾಣುತ್ತವೆ, ಆಮೇಲೆ ಅದರದ್ದೇ ಚಿಂತೆ. ಆ ದುಡ್ಡು ಉಳಿಸಿ.

ಮೈಸೂರಿನಲ್ಲಿ ಮಾರುಕಟ್ಟೆ ಹತ್ತಿರ ಹೂ ಮಾರುವ ಹೆಂಗಸೊಬ್ಬರು ನನ್ನ ಬಳಿ ಬಂದಿದ್ದರು. ಅವರಿಗೆ ನೋವಿಗಿಂತ ಮೊದಲು ಗೊತ್ತಾಗಿದ್ದು ಜಗಳ. ಮೊಳ ಅಳೆಯಲು ಮುಂಗೈ ಸಾಕು, ಅದಕ್ಕೆ ತೊಂದರೆ ಇರಲಿಲ್ಲ. ಮಾರು ಅಳೆಯಲು ಎರಡೂ ಕೈ ಅಗಲಿಸಬೇಕಲ್ಲ. ‘ಮಾರು ಕಮ್ಮಿ ಕೊಡ್ತಿದ್ದೀಯ’ ಅಂತ ಖಾಯಂ ಗಿರಾಕಿಗಳು ತಕರಾರು ತೆಗೆದರು. ‘ನಾನ್ ಯಾಕ್ ಮೋಸ ಮಾಡ್ಲಿ ಸಾರ್, ಕೈಯೇ ಚಿಕ್ಕದಾಗೋಯ್ತು’ ಅಂದರು. ಅವರ ಎಡಗೈ ಹೆಗಲ ಮಟ್ಟಕ್ಕೂ ಬರುತ್ತಿರಲಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಶುಗರ್ ಇತ್ತು. ಅಲ್ಲಿಯವರೆಗೆ ಅವರಿಗೆ ಅದು ಗೊತ್ತೇ ಇರಲಿಲ್ಲ.

ಈ ಕಾಯಿಲೆಗೂ ಶುಗರ್‌ಗೂ ಇರುವ ನಂಟನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಮಾನ್ಯ ಜನರಲ್ಲಿ ನೂರಕ್ಕೆ 2ರಿಂದ 5 ಜನಕ್ಕೆ ಬರುವ ತೊಂದರೆ ಇದು. ಶುಗರ್ ಇರುವವರಲ್ಲಿ ನೂರಕ್ಕೆ ಹತ್ತು ಇಪ್ಪತ್ತು ಜನಕ್ಕೆ ಬರುತ್ತದೆ. ನಮ್ಮ ಕೀಲುಗಳ ಚೀಲ, ರಜ್ಜು ಎಲ್ಲ ಕೊಲಾಜನ್ ಎಂಬ ನಾರಿನಿಂದ ಆದವು. ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಜಾಸ್ತಿ ಇದ್ದರೆ ಅದು ಆ ನಾರಿಗೆ ಅಂಟಿಕೊಂಡು ಎಳೆ ಎಳೆಯನ್ನು ಬೆಸೆದುಬಿಡುತ್ತದೆ. ಬೆಲ್ಲದ ಪಾಕ ಬಿದ್ದ ಬಟ್ಟೆ ಒಣಗಿದರೆ ಹೇಗೆ ಸೆಟೆದುಕೊಳ್ಳುತ್ತದೆ ಅಂತ ಆಲೆಮನೆ ಕಂಡ ಮಂಡ್ಯದವರಿಗೆ ನಾನು ಹೇಳಬೇಕಾಗಿಲ್ಲ. ಒಂದು ಸಣ್ಣ ಪರೀಕ್ಷೆ ಮಾಡಿ. ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಅಂಗೈಗಳನ್ನು ಒತ್ತಿ. ಒಂದು ಕೈಯ ಬೆರಳಿಗೂ ಇನ್ನೊಂದು ಕೈಯ ಬೆರಳಿಗೂ ಮಧ್ಯೆ ಸಂದು ಉಳಿಯುತ್ತಿದೆಯಾ? ಉಳಿದರೆ ಸಕ್ಕರೆ ಬೆರಳಿನ ಕೀಲುಗಳನ್ನೂ ಸೆಟೆಸಲು ಶುರುಮಾಡಿದೆ ಅಂತ ಅನುಮಾನಿಸಬೇಕು.

ನೀವು ಕಾಗದದಲ್ಲಿ ಏಳು ವರ್ಷದ ಶುಗರ್ ಅಂತ ಬರೆದಿದ್ದೀರಿ. ಈಗ ಎಷ್ಟಿದೆ ಅಂತ ಬರೆದಿಲ್ಲ. ನನಗೆ ಮೊದಲು ಬೇಕಾಗಿರುವ ಅಂಕಿ ಅದೇ. ಬರೀ ಖಾಲಿ ಹೊಟ್ಟೆಯದಲ್ಲ, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಮಾಡಿಸಿ. ಜೊತೆಗೆ ಥೈರಾಯ್ಡ್ ಕೂಡ ನೋಡಿಸಿ, ಅದರ ಏರುಪೇರಿದ್ದವರಿಗೂ ಭುಜ ಹಿಡಿಯುವುದು ಜಾಸ್ತಿ. ನಲವತ್ತರಿಂದ ಅರವತ್ತರ ಮಧ್ಯದ ವಯಸ್ಸು, ಅದರಲ್ಲೂ ಹೆಂಗಸರು. ನೀವು ಆ ಸಾಲಿನಲ್ಲೇ ಬರುತ್ತೀರಿ. ಪೆಟ್ಟಾಗಿ ಕೈಯನ್ನು ವಾರಗಟ್ಟಲೆ ಜೋಳಿಗೆಯಲ್ಲಿ ಕಟ್ಟಿಕೊಂಡವರಿಗೆ, ಸ್ತನದ ಅಥವಾ ಹೃದಯದ ಆಪರೇಷನ್ ಆದವರಿಗೆ, ಲಕ್ವ ಹೊಡೆದವರಿಗೂ ಬರುತ್ತದೆ. ಎಷ್ಟೋ ಜನರಿಗೆ ಕಾರಣ ಸಿಗುವುದೇ ಇಲ್ಲ.

ಕಾರಣ ಅಲ್ಲದ್ದು ಯಾವುದು ಅಂತ ಮಾತ್ರ ಖಚಿತವಾಗಿ ಹೇಳಬಲ್ಲೆ. 1934ರಲ್ಲಿ ಅಮೆರಿಕದ ಬಾಸ್ಟನ್ನಿನ ಸರ್ಜನ್ ಅರ್ನೆಸ್ಟ್ ಕಾಡ್‌ಮನ್ ಇದಕ್ಕೆ ‘ಹೆಪ್ಪುಗಟ್ಟಿದ ಭುಜ’ ಎಂಬ ಅರ್ಥದ ಹೆಸರಿಟ್ಟರು. ಆ ಹೆಸರು ನಮ್ಮ ಕಡೆ ಮಾಡಿದ ಹಾವಳಿ ಅಷ್ಟಿಷ್ಟಲ್ಲ. ಫ್ರೋಜನ್ ಅಂದಕೂಡಲೇ ಮೊಸರು ಬಿಟ್ಟವರು, ಫ್ರಿಜ್ ಬಾಗಿಲು ಮುಟ್ಟದವರು, ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಮಲಗುವವರನ್ನು ನೋಡಿದ್ದೇನೆ. ಇದಕ್ಕೂ ಶೀತಕ್ಕೂ ಸಂಬಂಧ ಇಲ್ಲ. ಮೊಸರನ್ನ ತಿನ್ನಿ. ‘ನರ ಹಿಡಿದಿದೆ’, ‘ಮೂಳೆ ಸವೆದಿದೆ’, ‘ಕ್ಯಾಲ್ಸಿಯಂ ಕಮ್ಮಿ’ ಅನ್ನುವುದೂ ಇಲ್ಲಿ ಸಲ್ಲುವುದಿಲ್ಲ. ಉಳುಕಂತೂ ಅಲ್ಲವೇ ಅಲ್ಲ.

ಆ ಎಳೆದ ವಿಷಯಕ್ಕೆ ಬರುತ್ತೇನೆ. ಅದನ್ನು ಹೇಳುವ ಮೊದಲು ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು.

ಓದು ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಸಿಟಿ ಬಸ್ಸಿನ ಕಂಡಕ್ಟರ್ ಒಬ್ಬರು ಬಂದರು. ನೋವು ಶುರುವಾಗಿ ಮೂರು ತಿಂಗಳಾಗಿತ್ತು. ಬಸ್ಸಿನ ಮೇಲಿನ ಕಂಬಿ ಹಿಡಿಯಲು ಆಗುತ್ತಿರಲಿಲ್ಲ. ನಾನು ಉತ್ಸಾಹದಲ್ಲಿ ‘ನೋವು ತಡೆದುಕೊಂಡು ದಿನಾ ಎಳೀರಿ, ಬಿಟ್ಟರೆ ಪೂರ್ತಿ ಅಂಟಿಕೊಂಡುಬಿಡುತ್ತೆ’ ಎಂದು ಹೆದರಿಸಿ ಕಳುಹಿಸಿದೆ. ವಿಧೇಯ ಮನುಷ್ಯ, ಕಣ್ಣೀರು ಹಾಕಿಕೊಂಡು ಒಂದು ತಿಂಗಳು ಎಳೆದರು. ವಾಪಸ್ಸು ಬಂದಾಗ ಕೈ ಮೊದಲಿಗಿಂತ ಕೆಟ್ಟದಾಗಿತ್ತು, ನಿದ್ದೆ ಇಲ್ಲದೆ ಮುಖ ಕಪ್ಪಿಟ್ಟಿತ್ತು. ‘ನೀವು ಹೇಳಿದ್ದೆಲ್ಲಾ ಮಾಡಿದೆ ಸಾರ್’ ಅಂದರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ತಪ್ಪು ಅವರ ಭುಜದ್ದಲ್ಲ. ನಾನು ಎಷ್ಟನೇ ತಿಂಗಳು ಎಂದು ಲೆಕ್ಕ ಹಾಕಿರಲಿಲ್ಲ.

ಈ ಕಾಯಿಲೆಗೆ ಮೂರು ಹಂತಗಳಿವೆ. ಮೊದಲನೆಯದು ನೋವಿನ ಹಂತ, ಎರಡರಿಂದ ಒಂಬತ್ತು ತಿಂಗಳು. ಚೀಲ ಉರಿಯುತ್ತಿರುತ್ತದೆ, ನೋವು ದಿನೇ ದಿನೇ ಏರುತ್ತದೆ, ರಾತ್ರಿ ಜಾಸ್ತಿ, ಜೊತೆಗೆ ಕೈ ಬಿಗಿಯುತ್ತಾ ಹೋಗುತ್ತದೆ. ಎರಡನೆಯದು ಬಿಗಿತದ ಹಂತ, ನಾಲ್ಕರಿಂದ ಹನ್ನೆರಡು ತಿಂಗಳು. ನೋವು ಇಳಿಯುತ್ತದೆ, ಬಿಗಿತ ಹಾಗೇ ಉಳಿಯುತ್ತದೆ. ಸುಮ್ನೆ ಕೂತಾಗ ನೋವಿಲ್ಲ, ಕೊನೆ ಮುಟ್ಟಿಸಿದಾಗ ಮಾತ್ರ ಇದೆ. ಮೂರನೆಯದು ಬಿಡಿಸಿಕೊಳ್ಳುವ ಹಂತ, ಅದು ಆರು ತಿಂಗಳಿಂದ ಎರಡು ವರ್ಷ. ಒಟ್ಟು ಲೆಕ್ಕ ಒಂದರಿಂದ ಮೂರು ವರ್ಷ. ಗೆರೆ ಎಳೆದ ಹಾಗೆ ಒಂದು ಮುಗಿದು ಇನ್ನೊಂದು ಶುರುವಾಗುವುದಿಲ್ಲ, ಒಂದರೊಳಗೊಂದು ಬೆರೆತಿರುತ್ತದೆ. ಆದರೆ ಮೊದಲ ಹಂತದಲ್ಲಿ ಎಳೆಯುವುದು ಉರಿಯುವ ಒಲೆಗೆ ಸೌದೆ ಇಟ್ಟ ಹಾಗೆ. ಕಂಡಕ್ಟರ್‌ಗೆ ನಾನು ಮಾಡಿದ್ದೂ ಅದೇ, ನಿಮಗೆ ಉಳುಕು ತೆಗೆಯುವವರು ಮಾಡಿದ್ದೂ ಅದೇ. 2004ರಲ್ಲಿ ನೆದರ್ಲೆಂಡ್ಸ್‌ನಲ್ಲಿ 77 ರೋಗಿಗಳನ್ನು ಎರಡು ವರ್ಷ ಗಮನಿಸಿದ ಒಂದು ಅಧ್ಯಯನ ಪ್ರಕಟವಾಯಿತು. ನೋವಿನ ಮಿತಿಯೊಳಗೆ ಹಗುರವಾಗಿ ಕೈಯಾಡಿಸಿದವರು, ನೋವು ಮೀರಿ ಎಳೆಸಿಕೊಂಡವರಿಗಿಂತ ಚೆನ್ನಾಗಿ ಚೇತರಿಸಿಕೊಂಡಿದ್ದರು.

ನಿಮಗೆ ಐದನೇ ತಿಂಗಳು. ರಾತ್ರಿ ಎದ್ದು ಕೂರುತ್ತಿದ್ದೀರಿ. ಅಂದರೆ ನೀವಿನ್ನೂ ಮೊದಲ ಹಂತದಲ್ಲಿದ್ದೀರಿ. ಈಗಿನ ಕೆಲಸ ಕೈ ಎತ್ತಿಸುವುದಲ್ಲ, ನೋವು ಇಳಿಸಿ ನಿದ್ದೆ ಬರಿಸುವುದು.

‘ತಾನಾಗೇ ಹೋಗುತ್ತದೆ’ ಅನ್ನುವವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಬಹಳ ಜನಕ್ಕೆ ಕಾಲಕ್ರಮೇಣ ಕೈ ಕೆಲಸಕ್ಕೆ ಬರುವ ಮಟ್ಟಿಗೆ ಸರಿಯಾಗುತ್ತದೆ. ಆದರೆ ಹತ್ತರಲ್ಲಿ ಮೂರ್ನಾಲ್ಕು ಜನಕ್ಕೆ ಸ್ವಲ್ಪ ನೋವು ಅಥವಾ ಬಿಗಿತ ವರ್ಷಗಳ ನಂತರವೂ ಉಳಿದಿರುತ್ತದೆ, ಶುಗರ್ ಇರುವವರಿಗೆ ಇನ್ನೂ ಜಾಸ್ತಿ. ಅಲ್ಲದೆ ಅಷ್ಟು ಕಾಲ ನಿದ್ದೆಗೆಡುವುದು ಸುಲಭವಾ? ಸುಮ್ಮನಿರು ಅನ್ನುವವರು ನಿಮ್ಮ ಹಾಸಿಗೆಯಲ್ಲಿ ಮಲಗಿಲ್ಲ.

ಮಾತ್ರೆಯಿಂದ ಶುರು ಮಾಡೋಣ. ಪ್ಯಾರಾಸಿಟಮಾಲ್ ದಿನಕ್ಕೆ 3 ಗ್ರಾಂ ಮೀರದ ಹಾಗೆ, ಅಂದರೆ 500ರ ಮಾತ್ರೆ ಆರಕ್ಕಿಂತ ಜಾಸ್ತಿ ಆಗದ ಹಾಗೆ ತೆಗೆದುಕೊಳ್ಳಬಹುದು. ಲಿವರ್ ತೊಂದರೆ ಇದ್ದರೆ ಮೊದಲು ವೈದ್ಯರನ್ನು ಕೇಳಿ. ಇದರಿಂದ ಎಲ್ಲರಿಗೂ ಸಾಲುವುದಿಲ್ಲ. ಇದಕ್ಕಿಂತ ಜೋರಿನ ಉರಿಯೂತದ ಮಾತ್ರೆಗಳು ಕೆಲಸ ಮಾಡುತ್ತವೆ, ಆದರೆ ಕಿಡ್ನಿ, ಹೊಟ್ಟೆ, ಬಿಪಿ ಮೂರಕ್ಕೂ ಭಾರ. ಏಳು ವರ್ಷದ ಶುಗರ್ ಇರುವವರು ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನೈನ್ ರಕ್ತ ಪರೀಕ್ಷೆ ಮಾಡಿಸದೆ ಅವನ್ನು ನುಂಗಬಾರದು. ನನಗೆ ನಿಜಕ್ಕೂ ಭಯ ಆಗುವುದು ಸಂತೆಯಲ್ಲಿ, ಬಸ್ ಸ್ಟ್ಯಾಂಡ್ ಪಕ್ಕದಲ್ಲಿ ಸಿಗುವ ಹೆಸರಿಲ್ಲದ ಪೊಟ್ಟಣಗಳ ಬಗ್ಗೆ. ‘ಕೀಲುನೋವಿಗೆ ರಾಮಬಾಣ, ಪೂರ್ತಿ ಗಿಡಮೂಲಿಕೆ’ ಅನ್ನುತ್ತಾರೆ. ಇಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಸಿಕ್ಕಿಬಿದ್ದಿದೆ. ತಮಾಷೆ ನೋಡಿ, ಡಾಕ್ಟರು ಒಂದೇ ಸಲ ಕೊಡುವ ಸ್ಟೀರಾಯ್ಡ್ ಇಂಜೆಕ್ಷನ್ನಿಗೆ ಹೆದರಿದವರು ಅದನ್ನೇ ಪುಡಿ ಮಾಡಿದ್ದನ್ನು ಆರು ತಿಂಗಳು ದಿನಾ ತಿನ್ನುತ್ತಾರೆ. ಮೂಳೆ ಟೊಳ್ಳಾಗುವುದು ಅದರಿಂದ.

ಇನ್ನು ನಿಮ್ಮನ್ನು ಕಾಡುತ್ತಿರುವ ಇಂಜೆಕ್ಷನ್. ಕೀಲಿನೊಳಕ್ಕೆ ಹಾಕುವ ಸ್ಟೀರಾಯ್ಡ್, ಸಾಮಾನ್ಯವಾಗಿ 40 ಮಿಲಿಗ್ರಾಂ. ಅದರ ಲಾಭ ಹೆಚ್ಚು ಸಿಗುವುದು ನಿಮ್ಮಂಥ ಮೊದಲ ಹಂತದವರಿಗೆ, ಯಾಕೆಂದರೆ ಅದು ಆರಿಸುವುದು ಉರಿಯೂತವನ್ನು. ಒಂದೂವರೆ ವರ್ಷ ಆದ ಮೇಲೆ, ಬರೀ ಬಿಗಿತ ಉಳಿದಾಗ ಹಾಕಿಸಿದರೆ ಅಷ್ಟು ಉಪಯೋಗವಿಲ್ಲ. ಗುಣ ಆರು ವಾರದಿಂದ ಮೂರು ತಿಂಗಳು ಇರುತ್ತದೆ. ಅದು ಕಾಯಿಲೆಯನ್ನು ಕಿತ್ತುಹಾಕುವ ಮದ್ದಲ್ಲ, ನಿದ್ದೆ ಮತ್ತು ವ್ಯಾಯಾಮಕ್ಕೆ ದಾರಿ ಬಿಡಿಸಿಕೊಡುವ ಮದ್ದು.

ಶುಗರ್ ಏರುತ್ತದಾ? ಏರುತ್ತದೆ. ಸಂಘದವರು ಹೇಳಿದ್ದು ಸುಳ್ಳಲ್ಲ. ಹಾಕಿದ ದಿನವೇ ಅಥವಾ ಮಾರನೇ ದಿನ ಏರಲು ಶುರುವಾಗಿ, ಸಾಮಾನ್ಯವಾಗಿ ಒಂದು ವಾರದೊಳಗೆ ಇಳಿಯುತ್ತದೆ. ಕೆಲವರಿಗೆ ಎರಡು ವಾರ ಹಿಡಿಯಬಹುದು. ಎಚ್‌ಬಿಎ1ಸಿ ಏಳು ಎಂಟರ ಆಸುಪಾಸಿದ್ದರೆ ನಾನು ಹಾಕುತ್ತೇನೆ, ವಾರವಿಡೀ ಮನೆಯಲ್ಲಿ ಗ್ಲುಕೋಮೀಟರ್‌ನಲ್ಲಿ ನೋಡಿಕೊಳ್ಳಲು ಹೇಳುತ್ತೇನೆ. ಹತ್ತರ ಹತ್ತಿರ ಇದ್ದರೆ ‘ಮೊದಲು ಶುಗರ್ ಇಳಿಸಿಕೊಂಡು ಬನ್ನಿ’ ಎನ್ನುತ್ತೇನೆ. ಮೂಳೆ ಟೊಳ್ಳಾಗುವ ಭಯ ಒಂದು ಇಂಜೆಕ್ಷನ್ನಿಗೆ ಅನ್ವಯಿಸುವುದಿಲ್ಲ. ವರ್ಷಕ್ಕೆ ಎರಡು ಮೂರು ದಾಟಬಾರದು ಅಷ್ಟೇ. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಳ್ಳಬಹುದು, ಒಂದೆರಡು ದಿನ ನೋವು ಜಾಸ್ತಿಯಾಗಿ ಆಮೇಲೆ ಇಳಿಯಬಹುದು. ಕೀಲಿಗೆ ಸೋಂಕು ತಗಲುವುದು ತೀರಾ ಅಪರೂಪ, ಆದರೆ ತಗಲಿದರೆ ಗಂಭೀರ. ಮೂರನೇ ದಿನದ ಮೇಲೂ ನೋವು ಏರುತ್ತಲೇ ಹೋಗಿ, ಜ್ವರ ಬಂದು, ಭುಜ ಕೆಂಪಾದರೆ ಕಾಯಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ನಿಮ್ಮ ಶುಗರ್ ಹಿಡಿತದಲ್ಲಿದ್ದರೆ ಈಗ ಒಂದು ಇಂಜೆಕ್ಷನ್ ಹಾಕಿಸಿಕೊಳ್ಳುವುದು ಒಳ್ಳೆಯದು. ನನ್ನ ತಂಗಿಯಾಗಿದ್ದರೂ ಇದನ್ನೇ ಹೇಳುತ್ತಿದ್ದೆ. ಹಾಕಿಸಲೇಬಾರದು ಅನಿಸಿದರೆ ಬಲವಂತ ಇಲ್ಲ. ನೋವಿನ ದಾರಿ ಸ್ವಲ್ಪ ಉದ್ದವಾಗುತ್ತದೆ ಎಂದು ಗೊತ್ತಿದ್ದು ನಿರ್ಧರಿಸಿ.

ಶಾಖ ಕೊಡಬಹುದು, ಎಣ್ಣೆ ಸವರಿ ಹಗುರವಾಗಿ ನೀವಬಹುದು, ಹಿತವಾಗುತ್ತದೆ. ಆಯುರ್ವೇದದವರು ಇದನ್ನು ಅವಬಾಹುಕ ಎಂದು ಕರೆಯುತ್ತಾರೆ, ಅಲ್ಲಿ ತೋರಿಸುತ್ತಿದ್ದರೆ ಶುಗರ್ ಮಾತ್ರೆ ಬಿಡದೆ ತೋರಿಸಿ. ಆದರೆ ಎಕ್ಕದ ಎಲೆ ಕಾಯಿಸಿ ಕಟ್ಟುವುದು, ಬಿಸಿ ಮರಳಿನ ಗಂಟು, ಇವು ಶುಗರ್ ಇರುವವರಿಗೆ ಬೇಡ. ಸುಡುವುದು ಗೊತ್ತಾಗದೆ ಬೊಬ್ಬೆ ಎದ್ದು, ಹುಣ್ಣಾಗಿ ಬಂದವರನ್ನು ನೋಡಿದ್ದೇನೆ. ಬಿಸಿ ನೀರಿನ ಚೀಲಕ್ಕೆ ಟವೆಲ್ ಸುತ್ತಿ ಹತ್ತು ನಿಮಿಷ ಇಟ್ಟರೆ ಸಾಕು. ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಳ್ಳಬೇಡಿ, ಕಟ್ಟು ಹಾಕಿಸಿಕೊಳ್ಳಬೇಡಿ. ಬಿಗಿತ ಬೇಗ ಬರುತ್ತದೆ.

ರಾತ್ರಿಗೆ ಒಂದು ಉಪಾಯ. ಅಂಗಾತ ಮಲಗಿದಾಗ ಎಡ ಮೊಣಕೈ ಹಾಸಿಗೆಗೆ ಇಳಿದು, ಭುಜ ಹಿಂದಕ್ಕೆ ಜಗ್ಗುತ್ತದೆ. ನಿಮ್ಮನ್ನು ಎಬ್ಬಿಸುವುದು ಬಹಳ ಸಲ ಈ ಜಗ್ಗೇ. ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ತೋಳು, ಮೊಣಕೈ ಕೆಳಗೆ ಇಡಿ, ಮೊಣಕೈ ಎದೆಯ ಮಟ್ಟಕ್ಕೆ ಬರಲಿ. ಬಲಮಗ್ಗುಲಾದರೆ ಎದೆಗೆ ಒಂದು ದಿಂಬು ತಬ್ಬಿಕೊಂಡು ಎಡಗೈಯನ್ನು ಅದರ ಮೇಲೆ ಹಾಕಿ.

ವ್ಯಾಯಾಮ ಈಗ ಎರಡೇ ಸಾಕು. ಬಲಗೈಯಲ್ಲಿ ಜಗಲಿ ಕಂಬ ಹಿಡಿದು ಸೊಂಟ ಬಗ್ಗಿಸಿ. ಎಡಗೈಯನ್ನು ಬಾವಿಗೆ ಬಿಟ್ಟ ಬಿಂದಿಗೆಯ ಹಾಗೆ ಇಳಿಬಿಡಿ. ಕೈಯನ್ನು ಬೀಸಬೇಡಿ, ಮೈಯನ್ನು ತೂಗಿ, ಕೈ ತಾನಾಗಿ ಆಡಲಿ. ಮುಂದೆ ಹಿಂದೆ, ಆಮೇಲೆ ರೊಟ್ಟಿಯಗಲದ ಸುತ್ತು. ಎರಡು ನಿಮಿಷ, ದಿನಕ್ಕೆ ಮೂರು ಸಲ. ಎರಡನೆಯದು, ಮಂಚದ ಮೇಲೆ ಅಂಗಾತ ಮಲಗಿ ಬಲಗೈಯಿಂದ ಎಡ ಮಣಿಕಟ್ಟು ಹಿಡಿದು ನಿಧಾನಕ್ಕೆ ಮೇಲೆತ್ತಿ, ನೋವು ಶುರುವಾದ ಕಡೆ ನಿಲ್ಲಿಸಿ, ಇಳಿಸಿ. ಲೆಕ್ಕ ಇಷ್ಟೇ: ಮಾಡಿದ ಮೇಲಿನ ನೋವು ಅರ್ಧ ಗಂಟೆಯಲ್ಲಿ ಇಳಿಯಬೇಕು, ಆ ರಾತ್ರಿ ನಿದ್ದೆ ಹಿಂದಿನ ರಾತ್ರಿಗಿಂತ ಕೆಡಬಾರದು. ಕೆಟ್ಟರೆ ಅವತ್ತು ಜಾಸ್ತಿ ಮಾಡಿದ್ದೀರಿ ಅಂತ ಅರ್ಥ.

ರಾತ್ರಿ ನೋವು ಇಳಿದು ಬರೀ ಬಿಗಿತ ಉಳಿದ ಮೇಲೆ ಆಟ ಬದಲಾಗುತ್ತದೆ. ಆಗ ಫಿಸಿಯೋಥೆರಪಿ ನಿಜವಾದ ಕೆಲಸ ಮಾಡುತ್ತದೆ. ಆಗಿಂದಲೇ ಮುದ್ದೆ ಕೋಲು ಹಿಡಿಯಿರಿ, ಮುದ್ದೆಗಲ್ಲ, ಭುಜಕ್ಕೆ. ಮೊಣಕೈ ಪಕ್ಕೆಗೆ ಇಟ್ಟು, ಕೋಲನ್ನು ಎರಡೂ ಕೈಯಲ್ಲಿ ಅಡ್ಡಲಾಗಿ ಹಿಡಿದು, ಬಲಗೈಯಿಂದ ಎಡಗೈಯನ್ನು ಹೊರಕ್ಕೆ ತಳ್ಳುವುದು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆ ಹತ್ತುವ ಹಾಗೆ ಮೇಲೆ ಹತ್ತಿಸುವುದು. ಮುಟ್ಟಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ದಿನಾಂಕ ಬರೆಯಿರಿ. ವಾರಕ್ಕೆ ಒಂದು ಬೆರಳಗಲ ಏರಿದರೂ ಸಾಕು. ಮಂಡ್ಯದ ಮಿಮ್ಸ್, ಮೈಸೂರಿನ ಕೆ.ಆರ್. ಆಸ್ಪತ್ರೆ ಎರಡೂ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು, ಮೂಳೆ ವಿಭಾಗಕ್ಕೆ ತೋರಿಸಬಹುದು. ಹೇಳಿಕೊಟ್ಟಿದ್ದನ್ನು ಮನೆಯಲ್ಲಿ ದಿನಾ ಮಾಡದಿದ್ದರೆ ವಾರಕ್ಕೆರಡು ಸಲ ಬಸ್ ಹತ್ತಿ ಬಂದು ಕರೆಂಟು ಕೊಡಿಸಿಕೊಂಡು ಹೋಗುವುದರಿಂದ ಹೆಚ್ಚೇನೂ ಆಗುವುದಿಲ್ಲ.

ಇದ್ಯಾವುದಕ್ಕೂ ಬಗ್ಗದೆ ಆರು ತಿಂಗಳು ಚಿಕಿತ್ಸೆ ಆದ ಮೇಲೂ ಕೈ ಅಲ್ಲೇ ನಿಂತಿದ್ದರೆ ಮುಂದಿನ ಮಾತು. ಕೀಲಿನೊಳಕ್ಕೆ ಸಲೈನ್ ತುಂಬಿಸಿ ಚೀಲವನ್ನು ಒಳಗಿಂದ ಹಿಗ್ಗಿಸುವ ವಿಧಾನವೊಂದಿದೆ, ಎಲ್ಲ ಕಡೆ ಮಾಡುವುದಿಲ್ಲ. ಅರಿವಳಿಕೆ ಕೊಟ್ಟು ಕೈಯನ್ನು ತಿರುಗಿಸಿ ಬಿಡಿಸುವುದು ಇನ್ನೊಂದು. ಇದು ಉಳುಕು ತೆಗೆದ ಹಾಗೆ ಅಲ್ಲ, ಆದರೂ ತೋಳಿನ ಮೂಳೆ ಮುರಿಯುವ, ರಜ್ಜು ಹರಿಯುವ, ನರಕ್ಕೆ ಪೆಟ್ಟಾಗುವ ಸಣ್ಣ ಅಪಾಯ ಇದ್ದೇ ಇದೆ. ಮೂಳೆ ಮೆದುವಾದ ವಯಸ್ಸಾದವರಿಗೆ ನಾನು ಮಾಡುವುದಿಲ್ಲ. ಮೂರನೆಯದು ಕೀಹೋಲ್ ಆಪರೇಷನ್, ಕ್ಯಾಮೆರಾದಲ್ಲಿ ನೋಡುತ್ತಾ ಬಿಗಿದ ಚೀಲವನ್ನು ಕತ್ತರಿಸುವುದು. 2020ರಲ್ಲಿ ಬ್ರಿಟನ್ನಿನಲ್ಲಿ 503 ರೋಗಿಗಳನ್ನು ಮೂರು ಗುಂಪು ಮಾಡಿ ಹೋಲಿಸಿದ ದೊಡ್ಡ ಅಧ್ಯಯನ ಪ್ರಕಟವಾಯಿತು. ಅರಿವಳಿಕೆಯಲ್ಲಿ ಬಿಡಿಸಿದವರು, ಕೀಹೋಲ್ ಆದವರು, ಇಂಜೆಕ್ಷನ್ ಜೊತೆ ಕ್ರಮವಾಗಿ ಫಿಸಿಯೋ ಮಾಡಿದವರು. ವರ್ಷದ ಕೊನೆಗೆ ಮೂರೂ ಗುಂಪಿನವರ ಭುಜ ಹೆಚ್ಚು ಕಡಿಮೆ ಒಂದೇ ಥರ ಇತ್ತು. ಗಂಭೀರ ತೊಡಕುಗಳು ಅಪರೂಪವಾಗಿದ್ದರೂ, ಕಂಡದ್ದು ಹೆಚ್ಚಾಗಿ ಆಪರೇಷನ್ ಆದವರಲ್ಲೇ. ಹಾಗಾಗಿ ಮೊದಲ ಭೇಟಿಯಲ್ಲೇ ಆಪರೇಷನ್ ದಿನಾಂಕ ಕೊಟ್ಟರೆ ಇನ್ನೊಬ್ಬರ ಅಭಿಪ್ರಾಯ ಕೇಳಿ. ಐದನೇ ತಿಂಗಳಿಗೆ ಅದು ತೀರಾ ಅವಸರ.

ಇನ್ನೊಂದು ಭುಜಕ್ಕೆ ಬರುತ್ತದಾ? ಒಮ್ಮೆ ವಾಸಿಯಾದ ಭುಜಕ್ಕೆ ಮತ್ತೆ ಬರುವುದು ಅಪರೂಪ. ಇನ್ನೊಂದು ಕಡೆಗೆ ಮುಂದಿನ ಕೆಲವು ವರ್ಷಗಳಲ್ಲಿ ಬರುವ ಸಾಧ್ಯತೆ ಇದೆ, ಶುಗರ್ ಇರುವವರಿಗೆ ಹೆಚ್ಚು. ಬಂದರೂ ಈ ಸಲ ನಿಮಗೆ ಮೊದಲ ತಿಂಗಳಲ್ಲೇ ಗುರುತು ಸಿಗುತ್ತದೆ. ಆಗಾಗ ಆ ಬಾಗಿಲು ತೆರೆಯುವ ಪರೀಕ್ಷೆ ಮಾಡಿಕೊಳ್ಳುತ್ತಿರಿ.

ಡಾಕ್ಟರ ಹತ್ತಿರ ಹೋಗುವಾಗ ಎಕ್ಸ್‌ರೇ, ಶುಗರ್ ಚೀಟಿ, ತಿನ್ನುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪು ತೆಗೆದುಕೊಂಡು ಹೋಗಿ. ಪೊಟ್ಟಣದ ಪುಡಿ ಏನಾದರೂ ತಿಂದಿದ್ದರೆ ನಾಚಿಕೊಳ್ಳದೆ ಅದನ್ನೂ ತೋರಿಸಿ. ಸಡಿಲ ತೋಳಿನ ರವಿಕೆ ಹಾಕಿಕೊಳ್ಳಿ. ತೊಡುವಾಗ ನೋಯುವ ಎಡಗೈ ಮೊದಲು ತೂರಿಸಿ, ಬಿಚ್ಚುವಾಗ ಅದನ್ನು ಕೊನೆಗೆ ತೆಗೆಯಿರಿ. ನಾಳೆ ಬೆಳಗ್ಗೆಯೇ ಮಾಡಿ ನೋಡಿ.